ಶಿರಸಿಯ ಕಾಳುಮೆಣಸು ಹ್ಯಾಂಬರ್ಗ್‌ಗೆ: ಒಂದು ಕಂಟೇನರ್ ಕಳಿಸುವ ಪೂರ್ತಿ ದಾರಿ

ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದೇ ಕರೆದರು. ಆ ಕಾಲದಲ್ಲಿ ಘಟ್ಟದ ಮೇಲಿನ ಮೆಣಸು ಹೊನ್ನಾವರ, ಭಟ್ಕಳಗಳಲ್ಲೇ ಹಡಗು ಹತ್ತುತ್ತಿತ್ತು. ಇಂದು ಶಿರಸಿ, ಸಿದ್ದಾಪುರ, ಯಲ್ಲಾಪುರದ ಮಾಲು ಹೊರದೇಶಕ್ಕೆ ಹೋಗುವುದಾದರೂ ನಡುವೆ ಮೂರ್ನಾಲ್ಕು ಕೈ ದಾಟುತ್ತದೆ. ಊರಿನ ಸೊಸೈಟಿ, ರೈತ ಉತ್ಪಾದಕ ಕಂಪನಿ ಅಥವಾ ಸಣ್ಣ ವ್ಯಾಪಾರಿ ನೇರವಾಗಿ ಒಂದು ಕಂಟೇನರ್ ಕಳಿಸಲು ಸಾಧ್ಯವಿದೆ. ಹೇಗೆ ಎಂಬುದನ್ನು ಅಂಗಳದಿಂದ ಶುರುಮಾಡಿ ಬ್ಯಾಂಕಿಗೆ ಹಣ ಬರುವವರೆಗೆ ಇಲ್ಲಿ ಬರೆದಿದೆ. ಉದಾಹರಣೆಗೆ 15 ಟನ್ ಕಾಳುಮೆಣಸು, 20 ಅಡಿಯ ಒಂದು ಕಂಟೇನರ್, ಜರ್ಮನಿಯ ಹ್ಯಾಂಬರ್ಗ್ ಬಂದರು ಎಂದು ಇಟ್ಟುಕೊಳ್ಳೋಣ.

ಈ ಕೆಲಸದಲ್ಲಿ ಕೈಸುಡುವುದು ಹೆಚ್ಚಾಗಿ ಎರಡೇ ಕಡೆ: ತೇವ ಮತ್ತು ತಾರೀಖು. ಮುಂದೆ ಬರುವ ಪ್ರತಿ ಹಂತವನ್ನೂ ಈ ಎರಡರ ಮೇಲೆ ಕಣ್ಣಿಟ್ಟು ಓದಿ.

ಮೊದಲು ಆಗಬೇಕಾದ ನೋಂದಣಿಗಳು

ಇವು ಕಷ್ಟದವಲ್ಲ, ಆದರೆ ಸರದಿಯಲ್ಲಿ ಆಗಬೇಕು.

1. ಐಇಸಿ (ಆಮದು-ರಫ್ತು ಸಂಕೇತ ಸಂಖ್ಯೆ): ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಪೋರ್ಟಲ್‌ನಲ್ಲಿ ಪ್ಯಾನ್ ಆಧಾರದ ಮೇಲೆ ಸಿಗುತ್ತದೆ, ಶುಲ್ಕ 500 ರೂ. ವಿವರ ಬದಲಾಗದಿದ್ದರೂ ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಒಮ್ಮೆ ಲಾಗಿನ್ ಆಗಿ ದೃಢಪಡಿಸಬೇಕು. ಮರೆತರೆ ನಿಷ್ಕ್ರಿಯವಾಗುತ್ತದೆ. ಮೆಣಸು ಬಂದರಿನಲ್ಲಿ ನಿಂತಾಗ ಇದು ಗೊತ್ತಾದರೆ ಪಾಡು ಹೇಳತೀರದು.

2. ಸ್ಪೈಸಸ್ ಬೋರ್ಡ್‌ನ ರಫ್ತುದಾರ ನೋಂದಣಿ: ಮಂಡಳಿಯ ಪಟ್ಟಿಯಲ್ಲಿರುವ ಸಾಂಬಾರ ಪದಾರ್ಥವನ್ನು ಇದಿಲ್ಲದೆ ಕಳಿಸುವಂತಿಲ್ಲ. ಕಾಳುಮೆಣಸು, ಏಲಕ್ಕಿ, ಅರಿಸಿನ, ವೆನಿಲ್ಲಾ, ಮುರುಗಲು ಎಲ್ಲವೂ ಆ ಪಟ್ಟಿಯಲ್ಲಿವೆ.

3. ಜಿಎಸ್‌ಟಿಯಲ್ಲಿ ಎಲ್‌ಯುಟಿ (ರಫ್ತಿನ ಮುಚ್ಚಳಿಕೆ ಪತ್ರ): ಆರ್‌ಎಫ್‌ಡಿ-11 ನಮೂನೆ. ಪ್ರತಿ ಹಣಕಾಸು ವರ್ಷಕ್ಕೆ ಹೊಸದಾಗಿ ಸಲ್ಲಿಸಿದರೆ ತೆರಿಗೆ ಕಟ್ಟದೆ ರಫ್ತು ಮಾಡಬಹುದು. ಸಲ್ಲಿಸದಿದ್ದರೆ ತೆರಿಗೆ ಕಟ್ಟಿ ಮರುಪಾವತಿಗೆ ಕಾಯಬೇಕು, ಅಷ್ಟು ದಿನ ದುಡ್ಡು ಸಿಕ್ಕಿಬೀಳುತ್ತದೆ.

4. ಬ್ಯಾಂಕಿನ ಎಡಿ ಕೋಡ್ (ವಿದೇಶಿ ವಿನಿಮಯ ಮಾಡುವ ಶಾಖೆಯ ಸಂಕೇತ ಸಂಖ್ಯೆ): ನಿಮ್ಮ ಖಾತೆಯಿರುವ ಶಾಖೆಗೆ ವಿದೇಶಿ ವಿನಿಮಯದ ಅನುಭವ ಇಲ್ಲದಿದ್ದರೆ ಹುಬ್ಬಳ್ಳಿ ಅಥವಾ ಮಂಗಳೂರಿನ ಶಾಖೆಯ ಮೂಲಕ ಮಾಡಿಸಿ, ಕಸ್ಟಮ್ಸ್‌ನ ಐಸ್‌ಗೇಟ್ ಪೋರ್ಟಲ್‌ನಲ್ಲಿ ನೋಂದಾಯಿಸಿ.

ಎಫ್‌ಎಸ್‌ಎಸ್‌ಎಐ ಪರವಾನಗಿಯಲ್ಲಿ ನೀವು ಮಾಡುವ ಕೆಲಸದ ಜೊತೆ ರಫ್ತು ಸಹ ನಮೂದಾಗಿರಲಿ. ಕಸ್ಟಮ್ಸ್ ಏಜೆಂಟರನ್ನು ಸರಕು ಸಿದ್ಧವಾದ ಮೇಲೆ ಹುಡುಕಬೇಡಿ, ಈಗಲೇ ಗೊತ್ತುಮಾಡಿ. ಮಂಗಳೂರಿನ ಬಂದರಿರುವ ಪಣಂಬೂರಿನಲ್ಲಿ ಕಾಫಿ, ಗೇರುಬೀಜ ಕಳಿಸಿ ಪಳಗಿದ ಏಜೆಂಟರು ಮೆಣಸಿಗೂ ಸರಿಹೊಂದುತ್ತಾರೆ.

ಖರೀದಿದಾರನೊಡನೆ ಕರಾರು

"ಒಳ್ಳೆಯ ಮೆಣಸು" ಎಂಬ ಮಾತಿಗೆ ವಿದೇಶದಲ್ಲಿ ಅರ್ಥವಿಲ್ಲ. ಕರಾರಿನಲ್ಲಿ ಅಂಕಿ ಇರಬೇಕು: ಲೀಟರ್ ತೂಕ, ಅಂದರೆ ಒಂದು ಲೀಟರ್ ಅಳತೆಯ ಕಾಳಿನ ತೂಕ (500, 550 ಅಥವಾ 570 ಗ್ರಾಂ), ತೇವ ಗರಿಷ್ಠ ಶೇ 12, ಕಸಕಡ್ಡಿ ಗರಿಷ್ಠ ಶೇ 1, ಬೂಸ್ಟು ಹಿಡಿದ ಕಾಳು ಗರಿಷ್ಠ ಶೇ 1, 25 ಗ್ರಾಂ ಸ್ಯಾಂಪಲ್‌ನಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಕೂಡದು ಇತ್ಯಾದಿ. ಗಾತ್ರಕ್ಕೆ ಹೆಚ್ಚಿನ ಬೆಲೆ ಬೇಕಾದರೆ ಕಾಳನ್ನು ಜರಡಿ ಹಿಡಿದು ಬೇರ್ಪಡಿಸಬೇಕು. 4.25 ಮಿ.ಮೀ. ಜರಡಿಯ ಮೇಲೆ ಉಳಿದದ್ದು ತೆಲ್ಲಿಚೆರಿ ಎಕ್ಸ್‌ಟ್ರಾ ಬೋಲ್ಡ್, 4.75ರ ಮೇಲೆ ಉಳಿದದ್ದು ಸ್ಪೆಷಲ್ ಎಕ್ಸ್‌ಟ್ರಾ ಬೋಲ್ಡ್. ನಮ್ಮ ಮಲ್ಲಿಸರ, ಉದ್ದಗೆರೆ, ಕುದುರಗುತ್ತ ತಳಿಗಳ ಕಾಳೂ ಪಣಿಯೂರಿನ ದಪ್ಪ ಕಾಳೂ ಒಂದೇ ರಾಶಿಯಲ್ಲಿ ಸೇರಿದರೆ ಎರಡರ ಬೆಲೆಯೂ ಹೋಗುತ್ತದೆ. ಕೊಳ್ಳುವಾಗಲೇ ಬೇರೆ ಬೇರೆ ಇಡಿ.

"ಸ್ಟೀಮ್ ಮಾಡಿದ್ದು ಬೇಕೋ, ಹಾಗೇ ಬೇಕೋ" ಎಂದು ಬರಹದಲ್ಲಿ ಕೇಳಿ. ಯುರೋಪಿನ ದೊಡ್ಡ ಸಂಸ್ಕರಣಾಗಾರರು ಕಚ್ಚಾ ಕಾಳು ಕೊಂಡು ಅಲ್ಲಿಯೇ ಹಬೆ ಕೊಟ್ಟುಕೊಳ್ಳುವುದುಂಟು. ಮೊದಲ ಸರಕಿಗೆ ಅಂಥ ಗಿರಾಕಿಯೇ ಒಳ್ಳೆಯದು. ಕ್ರಿಮಿಶುದ್ಧಿಗೆ ಇಥಿಲೀನ್ ಆಕ್ಸೈಡ್ ಹೊಡೆಸುವ ಯೋಚನೆಯನ್ನೇ ಬಿಡಿ. ಐರೋಪ್ಯ ಒಕ್ಕೂಟದಲ್ಲಿ ಸಾಂಬಾರ ಪದಾರ್ಥಕ್ಕೆ ಅದರ ಮಿತಿ ಕೆಜಿಗೆ 0.1 ಮಿ.ಗ್ರಾಂ, ಅದೂ ಅದರಿಂದ ಹುಟ್ಟುವ ಕ್ಲೋರೋಎಥನಾಲ್ ಅನ್ನು ಸೇರಿಸಿ.

ಬೆಲೆಯ ಷರತ್ತು ಹಾಕುವಾಗ ಹೆಚ್ಚಿನವರು ರೂಢಿಯಂತೆ ಎಫ್‌ಒಬಿ ಎಂದು ಬರೆಯುತ್ತಾರೆ. ಎಫ್‌ಒಬಿಯಲ್ಲಿ ಹೊಣೆ ದಾಟುವುದು ಸರಕು ಹಡಗು ಹತ್ತಿದ ಮೇಲೆ. ಕಂಟೇನರ್ ಟರ್ಮಿನಲ್ ಒಳಗೆ ಹೋಗಿ ಹಡಗಿಗೆ ಕಾಯುವ ದಿನಗಳ ನಷ್ಟವೂ ನಿಮ್ಮದೇ. ಮಾರಾಟದ ಷರತ್ತುಗಳ ಅಂತರರಾಷ್ಟ್ರೀಯ ನಿಯಮವಾದ ಇನ್‌ಕೋಟರ್ಮ್ಸ್ 2020ರ ಪ್ರಕಾರ ಕಂಟೇನರ್ ಸರಕಿಗೆ ಹೊಂದುವುದು ಎಫ್‌ಸಿಎ: ಸಾಗಣೆದಾರನ ಕೈಗೆ ಒಪ್ಪಿಸಿದ ಕ್ಷಣಕ್ಕೆ ನಿಮ್ಮ ಹೊಣೆ ಮುಗಿಯುತ್ತದೆ. ಗಿರಾಕಿ ಒಪ್ಪದಿದ್ದರೆ ಎಫ್‌ಒಬಿಗೆ ಹೋಗಿ, ಆದರೆ ಹಡಗು ಹತ್ತುವವರೆಗಿನ ವಿಮೆ ನೀವೇ ಮಾಡಿಸಿ.

ಹಣದ ಬಗ್ಗೆ: ಹೊಸ ಗಿರಾಕಿಯಾದರೆ ಮೂರರಲ್ಲೊಂದು ಪಾಲು ಮುಂಗಡ, ಉಳಿದದ್ದು ದಾಖಲೆ ಕೈಗೆ ಬರುವಾಗ ಬ್ಯಾಂಕ್ ಮೂಲಕ. ಅಥವಾ ಎಲ್‌ಸಿ (ದಾಖಲೆ ಸರಿಯಿದ್ದರೆ ಹಣ ಕೊಡುತ್ತೇವೆ ಎಂಬ ಗಿರಾಕಿಯ ಬ್ಯಾಂಕಿನ ಭರವಸೆ ಪತ್ರ). ಎಲ್‌ಸಿಯಲ್ಲಿ ಬ್ಯಾಂಕು ನೋಡುವುದು ಮೆಣಸನ್ನಲ್ಲ, ಕಾಗದವನ್ನು. ಸಾಗಣೆಯಾದ 21 ದಿನದೊಳಗೆ ದಾಖಲೆ ಒಪ್ಪಿಸಬೇಕು ಎಂಬುದು ಎಲ್‌ಸಿಗಳಿಗೆ ಅನ್ವಯಿಸುವ ಯುಸಿಪಿ 600ರ ಸಾಮಾನ್ಯ ನಿಯಮ. ಸಾಲದಲ್ಲಿ ಸರಕು ಕೊಡುವುದೇ ಆದರೆ ಇಸಿಜಿಸಿ (ಗಿರಾಕಿ ಹಣ ಕೊಡದಿದ್ದರೆ ತುಂಬಿಕೊಡುವ ಸರಕಾರಿ ಸಂಸ್ಥೆ) ವಿಮೆ ಇಲ್ಲದೆ ಕೊಡಬೇಡಿ.

ಕಾಯುವ ದಿನಗಳ ಬೆಲೆಯನ್ನೂ ದರದಲ್ಲಿ ಸೇರಿಸಿ. ಕೆಜಿಗೆ 600 ರೂ. ಎಂದು ಇಟ್ಟುಕೊಂಡರೆ 15 ಟನ್‌ಗೆ 90 ಲಕ್ಷ. ಮೆಣಸು ಕೊಂಡ ದಿನದಿಂದ ಹಣ ಬರುವವರೆಗೆ 90 ದಿನ, ಬಡ್ಡಿ ಶೇ 12 ಎಂದರೆ ಸುಮಾರು 2.66 ಲಕ್ಷ, ಅಂದರೆ ಕೆಜಿಗೆ ಹದಿನೇಳು ರೂಪಾಯಿಯ ಮೇಲೆ. ಈ ಸಾಲು ಬಿಟ್ಟು ದರ ಹೇಳಿದವರ ಲಾಭವೆಲ್ಲ ಬಡ್ಡಿಗೇ ಹೋಗುತ್ತದೆ.

ಅಂಗಳದಲ್ಲೇ ತೀರ್ಮಾನವಾಗುವ ಗುಣಮಟ್ಟ

ಹ್ಯಾಂಬರ್ಗ್‌ನ ಲ್ಯಾಬ್‌ನಲ್ಲಿ ಸರಕು ಬಿದ್ದುಹೋದರೆ ಕಾರಣ ಹೆಚ್ಚಾಗಿ ನಮ್ಮ ಅಂಗಳದಲ್ಲೇ ಇರುತ್ತದೆ. ಕೊಯ್ಲು, ಒಣಗಿಸುವಿಕೆ ರೈತರ ಮನೆಯ ಕೆಲಸ ಎಂದು ಕೈಬಿಡದೆ, ಡಿಸೆಂಬರಿನಲ್ಲೇ ನಿಮಗೆ ಮಾಲು ಕೊಡುವ ಮನೆಗಳಿಗೆ ಹೋಗಿ ಇಷ್ಟನ್ನು ತಿಳಿಸಿ.

ಗೊಂಚಲಿನಲ್ಲಿ ಒಂದೆರಡು ಕಾಳು ಕೆಂಪಾದಾಗ ಕೊಯ್ಯುವುದು ಸರಿಯಾದ ಹದ. ಎಳೆಯದನ್ನು ಕೊಯ್ದರೆ ಜೊಳ್ಳು ಹೆಚ್ಚಿ ಲೀಟರ್ ತೂಕ 500ಕ್ಕಿಂತ ಕೆಳಗಿಳಿಯುತ್ತದೆ. ಬಿಡಿಸಿದ ಕಾಳನ್ನು ಒಣಹಾಕುವ ಮೊದಲು ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ ತೆಗೆದರೆ ಬಣ್ಣ ಒಂದೇ ಸಮ ಕಪ್ಪಾಗುತ್ತದೆ, ಬೇಗ ಒಣಗುತ್ತದೆ, ಮೇಲಿನ ಕೊಳೆಯೂ ಹೋಗುತ್ತದೆ. ಬಿದಿರಿನ ಬುಟ್ಟಿ ಅಥವಾ ತೂತಿನ ಪಾತ್ರೆಯಲ್ಲಿ ಹತ್ತಿಪ್ಪತ್ತು ಕೆಜಿಯಂತೆ ಅದ್ದಬಹುದು. ನಿಮಿಷಕ್ಕಿಂತ ಹೆಚ್ಚು ಬಿಟ್ಟರೆ ಘಾಟು ಕಡಿಮೆಯಾಗುತ್ತದೆ.

ಸಗಣಿ ಬಳಿದ ಅಂಗಳದಲ್ಲಿ ನೇರವಾಗಿ ಮೆಣಸು ಹರಡಬಾರದು. ಸಾಲ್ಮೊನೆಲ್ಲಾ ಸೇರುವ ದೊಡ್ಡ ದಾರಿ ಅದು, ಜೊತೆಗೆ ಕೋಳಿ, ನಾಯಿ, ದನ ಓಡಾಡುವ ಜಾಗ. ಸಿಮೆಂಟ್ ಕಣ ಇರಲಿ, ಇಲ್ಲವೇ ತೊಳೆದ ಟಾರ್ಪಾಲು ಹಾಸಿ ಸುತ್ತ ಬಲೆ ಕಟ್ಟಿ. ಮೂರ್ನಾಲ್ಕು ಬಿಸಿಲಿಗೆ ಕಾಳು ಒಣಗುತ್ತದೆ. ಸಂಜೆ ರಾಶಿ ಮಾಡಿ ಮುಚ್ಚದಿದ್ದರೆ ಇಬ್ಬನಿಯ ತೇವ ಮತ್ತೆ ಹಿಡಿಯುತ್ತದೆ.

ಇನ್ನೊಂದು ನಮ್ಮ ಸೀಮೆಗೇ ವಿಶೇಷವಾದದ್ದು: ಮೋಡ ಕವಿದ ದಿನ ಅಡಿಕೆ ಒಣಗಿಸುವ ಸೌದೆ ಡ್ರೈಯರ್‌ಗೆ ಮೆಣಸನ್ನೂ ಹಾಕುವ ಪದ್ಧತಿ. ಹೊಗೆ ಕಾಳಿಗೆ ತಾಗಿದರೆ ಬೆಂಜೋಪೈರೀನ್ ಜಾತಿಯ ವಿಷಗಳು ಕೂರುತ್ತವೆ. ಯುರೋಪಿನಲ್ಲಿ ಬೆಂಜೋಪೈರೀನ್ ಮಿತಿ ಕೆಜಿಗೆ 10 ಮೈಕ್ರೋಗ್ರಾಂ ಮಾತ್ರ. ಬಿಸಿಗಾಳಿ ಮಾತ್ರ ಒಳಬಂದು ಹೊಗೆ ಬೇರೆ ಕೊಳವೆಯಲ್ಲಿ ಹೋಗುವ ಡ್ರೈಯರ್ ಆದರೆ ಅಡ್ಡಿಯಿಲ್ಲ. ಹೊಗೆ ವಾಸನೆಯ ಮಾಲನ್ನು ರಫ್ತಿನ ರಾಶಿಗೆ ಸೇರಿಸದೆ ಬೇರೆ ಇಟ್ಟು ಊರಿನ ಮಾರುಕಟ್ಟೆಗೆ ಕೊಡಿ.

ಹಲ್ಲಿನಲ್ಲಿ ಕಚ್ಚಿ, ಕೈಯಲ್ಲಿ ಸದ್ದು ಕೇಳಿ ಒಣಗಿದೆ ಎಂದು ಹೇಳುವ ಹಿರಿಯರ ಅಂದಾಜು ಬಹಳ ಸಲ ಸರಿಯಿರುತ್ತದೆ. ಆದರೂ ಪ್ರತಿ ಮನೆಯ ಮಾಲಿಗೂ ತೇವಮಾಪಕ ಇಡಿ. ಅದನ್ನು ವರ್ಷಕ್ಕೊಮ್ಮೆ ಲ್ಯಾಬ್ ಫಲಿತಾಂಶದೊಂದಿಗೆ ತಾಳೆ ನೋಡಿ. ಕರಾರಿನಲ್ಲಿ 12 ಇದ್ದರೆ ನೀವು 11ಕ್ಕೆ ಕೊಳ್ಳಿ. 15 ಟನ್ ಸರಕಿನಲ್ಲಿ ಶೇ 1 ತೇವ ಎಂದರೆ 150 ಲೀಟರ್ ನೀರು. ಅಷ್ಟು ನೀರನ್ನು ಕಬ್ಬಿಣದ ಪೆಟ್ಟಿಗೆಯಲ್ಲಿ ಮುಚ್ಚಿ ಒಂದೂವರೆ ತಿಂಗಳು ಸಮುದ್ರದ ಮೇಲೆ ಇಡುತ್ತೀರಿ ಎಂಬುದನ್ನು ಕಣ್ಣಮುಂದೆ ತಂದುಕೊಳ್ಳಿ. ಬೂಸ್ಟು ಹಿಡಿದರೆ ಅಫ್ಲಾಟಾಕ್ಸಿನ್, ಓಕ್ರಾಟಾಕ್ಸಿನ್ ಎಂಬ ವಿಷಗಳು ಹುಟ್ಟುತ್ತವೆ. ಯುರೋಪಿನಲ್ಲಿ ಅಫ್ಲಾಟಾಕ್ಸಿನ್‌ನ ಬಿ1 ಬಗೆಯ ಮಿತಿ ಕೆಜಿಗೆ 5 ಮೈಕ್ರೋಗ್ರಾಂ, ಎಲ್ಲ ಬಗೆ ಸೇರಿ ಒಟ್ಟು 10, ಓಕ್ರಾಟಾಕ್ಸಿನ್ 15. ಇವು ಒಮ್ಮೆ ಬಂದ ಮೇಲೆ ತೊಳೆದರೂ ಹಬೆ ಕೊಟ್ಟರೂ ಹೋಗವು.

ಪ್ರಮಾಣದ ಲೆಕ್ಕ ಹೀಗೆ: ಹಸಿ ಮೆಣಸು ಒಣಗಿದರೆ ಮೂರರಲ್ಲೊಂದು ಪಾಲು ಉಳಿಯುತ್ತದೆ. ಜರಡಿ, ಕಲ್ಲು ತೆಗೆಯುವ ಯಂತ್ರ, ಜೊಳ್ಳು ಹಾರಿಸುವ ಯಂತ್ರ ದಾಟುವಾಗ ನೂರಕ್ಕೆ ಐದು ಕೆಜಿ ಹೋಗಬಹುದು. ಹಾಗಾಗಿ 15 ಟನ್ ಕಳಿಸಲು 15.8 ಟನ್ ಒಣ ಮೆಣಸು ಕೊಳ್ಳಬೇಕು, ಅಂದರೆ ಸುಮಾರು 47 ಟನ್ ಹಸಿ ಕಾಳು. ಹೊಳಪಿಗೆಂದು ಎಣ್ಣೆ ಸವರುವ ಕೆಲಸ ಮಾತ್ರ ಯಾರೇ ಹೇಳಿದರೂ ಮಾಡಬೇಡಿ. ಖನಿಜ ತೈಲದ ಕುರುಹನ್ನು ಲ್ಯಾಬ್ ಸುಲಭವಾಗಿ ಹಿಡಿಯುತ್ತದೆ.

ಲಾಟ್, ಸ್ಯಾಂಪಲ್, ಚೀಲ

ಪ್ರತಿ ಲಾಟ್‌ಗೆ ಒಂದು ಸಂಖ್ಯೆ ಕೊಡಿ. ಯಾವ ಊರಿನ ಯಾವ ಮನೆಯಿಂದ ಎಷ್ಟು ಕೆಜಿ, ಎಂದು ಬಂತು, ತೇವ ಎಷ್ಟು, ತೋಟಕ್ಕೆ ಯಾವ ಔಷಧ ಯಾವಾಗ ಹೊಡೆದದ್ದು ಎಂಬ ಐದು ವಿಷಯ ಒಂದು ಪುಸ್ತಕದಲ್ಲಿದ್ದರೆ ಸಾಕು. ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುವ ನಮ್ಮ ತೋಟಗಳಲ್ಲಿ ಬೇರೆ ಕೀಟನಾಶಕ ಬಳಸಿದ ಒಂದೇ ಮನೆಯ ಎರಡು ಚೀಲ ಇಡೀ ಲಾಟ್ ಕೆಡಿಸಬಹುದು. ಪುಸ್ತಕವಿದ್ದರೆ ಆ ಎರಡು ಚೀಲ ಯಾವುದೆಂದು ಮುಂದಿನ ಸಲಕ್ಕಾದರೂ ಗೊತ್ತಾಗುತ್ತದೆ.

25 ಕೆಜಿಯ 600 ಚೀಲ ಎಂದರೆ 15 ಟನ್. ನೂರಕ್ಕಿಂತ ಹೆಚ್ಚು ಚೀಲವಿದ್ದಾಗ ಒಟ್ಟು ಸಂಖ್ಯೆಯ ವರ್ಗಮೂಲದಷ್ಟು ಚೀಲಗಳಿಂದ ಸ್ಯಾಂಪಲ್ ತೆಗೆಯುವುದು ರೂಢಿ, ಇಲ್ಲಿ 25. ಮೇಲಿನಿಂದಷ್ಟೇ ತೆಗೆಯದೆ ಬೊಂಬು ಚುಚ್ಚಿ ನಡುವಿನಿಂದಲೂ ತಳದಿಂದಲೂ ತೆಗೆಯಿರಿ. ಎಲ್ಲ ಬೆರೆಸಿ ಮೂರು ಭಾಗ ಮಾಡಿ ಸೀಲ್ ಹಾಕಿ: ಒಂದು ಲ್ಯಾಬ್‌ಗೆ, ಒಂದು ಗಿರಾಕಿಗೆ, ಒಂದು ನಿಮ್ಮ ಕಪಾಟಿಗೆ. ಕಪಾಟಿನದನ್ನು ಒಂದು ವರ್ಷ ಮುಟ್ಟಬೇಡಿ. ಪರೀಕ್ಷೆಯನ್ನು ಸ್ಪೈಸಸ್ ಬೋರ್ಡ್‌ನ ಲ್ಯಾಬ್‌ನಲ್ಲೋ ಎನ್‌ಎಬಿಎಲ್ ಮಾನ್ಯತೆಯ ಲ್ಯಾಬ್‌ನಲ್ಲೋ ಮಾಡಿಸಿ. ಆ ಮಾನ್ಯತೆ ನಿಮಗೆ ಬೇಕಾದ ಪರೀಕ್ಷೆಗೇ ಇದೆಯೇ ಎಂದು ಕೇಳಿಕೊಳ್ಳಿ.

ಚೀಲದ ವಿಷಯದಲ್ಲಿ ಒಂದು ಮಾತು. ಮಾಮೂಲಿ ಗೋಣಿಚೀಲದ ನಾರನ್ನು ಮಿಲ್ಲಿನಲ್ಲಿ ಖನಿಜ ತೈಲ ಹಚ್ಚಿ ಮೆದು ಮಾಡಿರುತ್ತಾರೆ, ಆ ಎಣ್ಣೆ ಕಾಳಿಗೆ ಇಳಿಯುತ್ತದೆ. ಗೋಣಿಯೇ ಬೇಕೆಂದರೆ ಸಸ್ಯಜನ್ಯ ಎಣ್ಣೆಯಲ್ಲಿ ತಯಾರಿಸಿದ ಆಹಾರ ದರ್ಜೆಯ ಗೋಣಿ ಕೇಳಿ. ಇಲ್ಲವಾದರೆ ಹೊಸ ಪಾಲಿಪ್ರೊಪಿಲೀನ್ ಚೀಲ ಅಥವಾ ಹಲವು ಪದರದ ಕಾಗದದ ಚೀಲ. ಅಡಿಕೆಯೋ ಗೊಬ್ಬರವೋ ತುಂಬಿದ ಹಳೆ ಚೀಲ ಗೋದಾಮಿನ ಹತ್ತಿರವೂ ಬರಬಾರದು.

ಯಾವ ಬಂದರು, ಯಾವ ಘಟ್ಟ

ಕಾರವಾರದ ಬೈತಖೋಲ ಸಹಜ ಬಂದರು, ಎಲ್ಲ ಋತುವಿನಲ್ಲೂ ಹಡಗು ನಿಲ್ಲುವ ಜಾಗ. ಆದರೆ ಅಲ್ಲಿ ಕಂಟೇನರ್ ಹಡಗುಗಳ ನಿಯಮಿತ ಸೇವೆ ಇಲ್ಲ. ಶಿರಸಿಯವರ ಮುಂದೆ ಇರುವ ದಾರಿಗಳಲ್ಲಿ ಎರಡು ಮುಖ್ಯ.

ಪಣಂಬೂರಿನ ನವಮಂಗಳೂರು ಬಂದರು: ಶಿರಸಿಯಿಂದ ಕುಮಟಾಕ್ಕೆ ಇಳಿದು ಹೆದ್ದಾರಿ 66ರಲ್ಲಿ ದಕ್ಷಿಣಕ್ಕೆ, ಒಟ್ಟು 250 ಕಿ.ಮೀ. ಆಸುಪಾಸು. ಇಲ್ಲಿಂದ ಯುರೋಪಿಗೆ ಹೋಗುವ ಸರಕು ಸಾಮಾನ್ಯವಾಗಿ ಸಣ್ಣ ಫೀಡರ್ ಹಡಗಿನಲ್ಲಿ ಕೊಲಂಬೊದಂಥ ದೊಡ್ಡ ಬಂದರಿಗೆ ಹೋಗಿ ತಾಯಿಹಡಗಿಗೆ ಬದಲಾಗುತ್ತದೆ. ಲಾರಿ ಬಾಡಿಗೆ ಕಡಿಮೆ, ಕಸ್ಟಮ್ಸ್‌ನಲ್ಲಿ ದಟ್ಟಣೆ ಕಡಿಮೆ. ಆದರೆ ಫೀಡರ್ ತಪ್ಪಿದರೆ ಮುಂದಿನದಕ್ಕೆ ವಾರ ಕಾಯಬೇಕಾಗಬಹುದು, ಕೊಲಂಬೊದಲ್ಲಿ ಬಿಸಿಲಿನಲ್ಲಿ ಕೂರುವ ದಿನಗಳೂ ಸೇರುತ್ತವೆ.

ಮುಂಬೈ ಬಳಿಯ ನ್ಹಾವಾ ಶೇವಾ: ಹುಬ್ಬಳ್ಳಿ, ಬೆಳಗಾವಿ, ಪುಣೆ ದಾರಿ. ಲಾರಿ ಖರ್ಚು ಹೆಚ್ಚು, ಆದರೆ ಯುರೋಪಿಗೆ ನೇರ ಹಡಗುಗಳಿವೆ. ಕರಾವಳಿಯ ಘಟ್ಟ ಇಳಿಯುವ ತಾಪತ್ರಯವೂ ಇಲ್ಲ.

ನಮ್ಮ ಅಭಿಪ್ರಾಯ: ಫೆಬ್ರುವರಿಯಿಂದ ಮೇವರೆಗೆ ಮಂಗಳೂರು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹುಬ್ಬಳ್ಳಿ ದಾರಿ. ಎರಡಕ್ಕೂ ಬಾಡಿಗೆ ದರ ಮೊದಲೇ ತರಿಸಿಟ್ಟುಕೊಳ್ಳಿ.

ಮಳೆಗಾಲದ ಮಾತನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು, ಹೆದ್ದಾರಿ 66 ದಿನಗಟ್ಟಲೆ ಮುಚ್ಚಿತು. ಮೂರು ವಾರದ ನಂತರ, ಆಗಸ್ಟ್ 7ರ ನಸುಕಿನಲ್ಲಿ, ಕಾರವಾರದ ಕಾಳಿ ನದಿಯ ಹಳೆ ಸೇತುವೆ ಬಿತ್ತು. ಶಿರೂರು ಇರುವುದು ಕುಮಟಾದ ಉತ್ತರಕ್ಕೆ. ಆದ್ದರಿಂದ ಅಲ್ಲಿ ಕುಸಿದರೆ ಶಿರಸಿಯಿಂದ ಮಂಗಳೂರಿಗೆ ಇಳಿಯುವ ಲಾರಿಗೆ ನೇರ ತಡೆಯಿಲ್ಲ, ಗೋವಾ ಕಡೆ ಹೋಗುವುದಕ್ಕೆ ತಡೆ. ಮಂಗಳೂರಿನ ಲಾರಿಯನ್ನು ನಿಲ್ಲಿಸುವುದು ದೇವಿಮನೆ ಘಟ್ಟ. ಅಲ್ಲಿ ಮಣ್ಣು ಜಾರಿದಾಗ ಸಿದ್ದಾಪುರ, ಮಾವಿನಗುಂಡಿ, ಗೇರುಸೊಪ್ಪೆ ಮೇಲೆ ಹೊನ್ನಾವರಕ್ಕೆ ಇಳಿಯಬಹುದು. ಅದೂ ಇಲ್ಲವಾದರೆ ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ. ಭಾರೀ ವಾಹನಕ್ಕೆ ನಿರ್ಬಂಧ ಇದೆಯೇ ಎಂದು ಲಾರಿ ಹೊರಡುವ ಹಿಂದಿನ ದಿನ ಜಿಲ್ಲಾಡಳಿತದ ಆದೇಶ ನೋಡಿ, ಘಟ್ಟದ ಚಾಲಕರನ್ನೂ ಕೇಳಿ. ಚಾಲಕರಿಗೆ ಮೊದಲು ಗೊತ್ತಾಗಿರುತ್ತದೆ.

ಖಾಲಿ ಕಂಟೇನರನ್ನು ಟ್ರೇಲರ್ ಮೇಲೆ ಶಿರಸಿಗೇ ತರಿಸಿ ತುಂಬಬೇಕೆಂಬ ಆಸೆ ಸಹಜ. ಸ್ವಂತ ಗೋದಾಮಿನಲ್ಲಿ ತುಂಬಿ ಇ-ಸೀಲ್ ಹಾಕಲು ಕಸ್ಟಮ್ಸ್ ಅನುಮತಿಯೂ ಸಿಗುತ್ತದೆ. ಮೊದಲ ಸಲಕ್ಕೆ ಬೇಡ. ತಿರುವಿನ ಘಟ್ಟದಲ್ಲಿ ಟ್ರೇಲರ್ ಸಿಕ್ಕಿಬಿದ್ದರೆ ಹಡಗು ತಪ್ಪುತ್ತದೆ. ಹತ್ತು ಚಕ್ರದ ಒಂದು ಲಾರಿಗೆ 15 ಟನ್ ಆರಾಮವಾಗಿ ಹಿಡಿಯುತ್ತದೆ. ಹಾಸಿಗೆಗೆ ಒಣ ಪ್ಲೈವುಡ್, ಮೇಲೆ ಎರಡು ಪದರ ಟಾರ್ಪಾಲು ಕಟ್ಟಿ ಕಳಿಸಿ, ಬಂದರಿನ ಹತ್ತಿರದ ಸಿಎಫ್‌ಎಸ್‌ನಲ್ಲಿ (ಕಸ್ಟಮ್ಸ್ ನಿಗಾದಲ್ಲಿ ಕಂಟೇನರ್ ತುಂಬುವ ಗೋದಾಮು) ಕಂಟೇನರ್‌ಗೆ ತುಂಬಿಸಿ.

ತಾರೀಖನ್ನು ಹಿಂದಿನಿಂದ ಎಣಿಸಿ

ಹಡಗು ಹೊರಡುವ ದಿನಕ್ಕಿಂತ ಮುಖ್ಯವಾದದ್ದು ಕಟ್‌ಆಫ್: ಬಂದರಿನ ಗೇಟು ಮುಚ್ಚುವ ಹೊತ್ತು, ಬಿಎಲ್‌ನ (ಸರಕು ಪಡೆದದ್ದಕ್ಕೆ ಹಡಗು ಕಂಪನಿ ಕೊಡುವ ಪತ್ರ) ವಿವರ ಕೊಡುವ ಕೊನೆಯ ಹೊತ್ತು, ತೂಕದ ಘೋಷಣೆಯ ಕೊನೆಯ ಹೊತ್ತು. ಮೂರೂ ಬೇರೆ ಬೇರೆ. ಬುಕಿಂಗ್ ಪತ್ರ ಕೈಗೆ ಬಂದ ಕೂಡಲೇ ಗೋದಾಮಿನ ಗೋಡೆಯ ಮೇಲೆ ದೊಡ್ಡದಾಗಿ ಬರೆದುಹಾಕಿ.

ಗೇಟು ಮುಚ್ಚುವ ದಿನವನ್ನು ಸೊನ್ನೆ ಎಂದಿಟ್ಟುಕೊಂಡು ಹಿಂದಕ್ಕೆ ಹೋದರೆ:

30 ದಿನ ಮೊದಲು: ಲಾಟ್ ಪೂರ್ತಿ, ಚೀಲ ಹೊಲಿದು ಸ್ಯಾಂಪಲ್ ಲ್ಯಾಬ್‌ಗೆ.
18 ದಿನ: ಲ್ಯಾಬ್ ಫಲಿತಾಂಶ, ಗಿರಾಕಿಯ ಒಪ್ಪಿಗೆ ಬರಹದಲ್ಲಿ.
14 ದಿನ: ಹಡಗಿನ ಬುಕಿಂಗ್.
6 ದಿನ: ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್ ಏಜೆಂಟರಿಗೆ, ಶಿಪ್ಪಿಂಗ್ ಬಿಲ್ಲಿನ (ಕಸ್ಟಮ್ಸ್‌ಗೆ ಕೊಡುವ ರಫ್ತು ಘೋಷಣೆ) ಕರಡು.
5 ದಿನ: ಇ-ವೇ ಬಿಲ್ ಮಾಡಿ ಲಾರಿ ಹೊರಡುವುದು.
3 ದಿನ: ಕಂಟೇನರ್ ತುಂಬುವುದು, ಕಸ್ಟಮ್ಸ್ ತಪಾಸಣೆ.
1 ದಿನ: ಗೇಟಿನ ಒಳಗೆ.

ಮಳೆಗಾಲದಲ್ಲಿ ಲಾರಿಗೆ ಇನ್ನೂ ಮೂರು ದಿನ ಸೇರಿಸಿ. ಲ್ಯಾಬ್ ಫಲಿತಾಂಶ ಬರುವ ಮೊದಲೇ ಹಡಗು ಬುಕ್ ಮಾಡುವ ಆತುರವೇ ಹೊಸಬರ ದೊಡ್ಡ ತಪ್ಪು. ಫಲಿತಾಂಶ ಕೆಟ್ಟರೆ ಬುಕಿಂಗ್ ರದ್ದಿನ ದಂಡ. ದಂಡಕ್ಕೆ ಹೆದರಿ ಕೆಟ್ಟ ಮಾಲನ್ನೇ ಕಳಿಸಿದರೆ ಅದಕ್ಕಿಂತ ದೊಡ್ಡ ನಷ್ಟ.

ಸಮುದ್ರದ ಮೇಲಿನ ದಿನಗಳ ಬಗ್ಗೆ ಗಿರಾಕಿಗೆ ಮಾತು ಕೊಡುವಾಗ ಎಚ್ಚರವಿರಲಿ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದ ಮೇಲೆ ಬಹುತೇಕ ಕಂಪನಿಗಳು ಸೂಯೆಜ್ ಬಿಟ್ಟು ಆಫ್ರಿಕಾದ ಗುಡ್ ಹೋಪ್ ಭೂಶಿರವನ್ನು ಸುತ್ತಿ ಹೋದವು. ಹತ್ತರಿಂದ ಹದಿನಾಲ್ಕು ದಿನ ಹೆಚ್ಚಾಯಿತು, ಬಾಡಿಗೆಯೂ ಏರಿತು. ಕರಾರಿನಲ್ಲಿ "ಇಂಥ ತಾರೀಖಿಗೆ ತಲುಪಿಸುತ್ತೇವೆ" ಎಂದು ಬರೆಯದೆ "ಇಂಥ ತಾರೀಖಿನೊಳಗೆ ಹಡಗು ಹತ್ತಿಸುತ್ತೇವೆ" ಎಂದು ಬರೆಯಿರಿ. ಬುಕ್ ಮಾಡುವಾಗ ಹಡಗು ಯಾವ ದಾರಿ ಹಿಡಿಯುತ್ತದೆ ಎಂದೂ ಕೇಳಿ. ತೇವ ಹೀರುವ ಪುಡಿ ಎಷ್ಟು ಬೇಕೆಂಬುದು ಅದರ ಮೇಲೆ ನಿಂತಿದೆ.

ಕಂಟೇನರ್ ತುಂಬುವ ದಿನ

ಈ ದಿನ ನಿಮ್ಮವರೊಬ್ಬರು ಸಿಎಫ್‌ಎಸ್‌ನಲ್ಲಿ ಇರಲೇಬೇಕು. ಏಜೆಂಟರ ಹುಡುಗನ ಮೇಲೆ ಬಿಡುವ ಕೆಲಸವಲ್ಲ.

ಕಂಟೇನರ್ ಬಂದ ಕೂಡಲೇ ಒಳಗೆ ಹೋಗಿ ಬಾಗಿಲು ಹಾಕಿಸಿಕೊಳ್ಳಿ. ಎಲ್ಲಾದರೂ ಸೂಜಿಮೊನೆಯಷ್ಟು ಬೆಳಕು ಕಂಡರೆ ಅಲ್ಲಿ ನೀರು ಬರುತ್ತದೆ, ವಾಪಸ್ ಕಳಿಸಿ. ಮೂಗಿಗೆ ಕೆಲಸ ಕೊಡಿ. ನಮ್ಮ ಕರಾವಳಿಯಿಂದ ಮೀನುಪುಡಿಯೂ ಕಂಟೇನರ್‌ಗಳಲ್ಲಿ ಹೋಗುತ್ತದೆ. ಆ ವಾಸನೆ ಮೆಣಸಿಗೆ ಹತ್ತಿದರೆ ಬಿಡದು. ಬುಕಿಂಗ್‌ನಲ್ಲೇ ಆಹಾರ ದರ್ಜೆಯ ಕಂಟೇನರ್ ಎಂದು ಬರೆಸಿರಬೇಕು. ಮರದ ನೆಲ ತೊಳೆದು ಹಸಿಯಾಗಿದ್ದರೆ ಬೇಡ. ತೇವಮಾಪಕದಲ್ಲಿ ಶೇ 18 ಮೀರಿದರೆ ನಿರಾಕರಿಸಿ. ಬಾಗಿಲಿನ ರಬ್ಬರ್ ಹರಿದಿದೆಯೇ ನೋಡಿ. ಪ್ರತಿ ಹಂತದ ಫೋಟೊ, ಕಂಟೇನರ್ ಸಂಖ್ಯೆ ಕಾಣುವಂತೆ, ತೆಗೆದಿಡಿ. ನಾಳೆ ವಿಮೆ ಕೇಳುವಾಗ ಈ ಫೋಟೊಗಳೇ ಸಾಕ್ಷಿ.

20 ಅಡಿ ಕಂಟೇನರ್‌ನ ಒಳಗೆ ಸುಮಾರು 33 ಘನ ಮೀಟರ್ ಜಾಗ. ತೂಕದ ಲೆಕ್ಕದಲ್ಲಿ ಇನ್ನೂ ಹೆಚ್ಚು ತಡೆಯುತ್ತದೆ, ಆದರೆ ಮೆಣಸು ಹಗುರ. ಲೀಟರ್‌ಗೆ 550 ಗ್ರಾಂನ ಕಾಳನ್ನು ಸಡಿಲವಾಗಿ ಸುರಿದರೆ 18 ಟನ್. ಚೀಲದ ನಡುವಿನ ಸಂದು, ಮೇಲೆ ಬಿಡಬೇಕಾದ ಜಾಗ ಕಳೆದರೆ 14ರಿಂದ 15 ಟನ್. ಲೀಟರ್ ತೂಕ 500 ಇದ್ದರೆ ಅದೇ ಕಂಟೇನರ್‌ಗೆ ಒಂದು ಟನ್‌ಗೂ ಹೆಚ್ಚು ಕಡಿಮೆ ಹಿಡಿಯುತ್ತದೆ. ಹಡಗಿನ ಬಾಡಿಗೆ ಮಾತ್ರ ಅಷ್ಟೇ.

ತುಂಬುವ ಕ್ರಮ: ನೆಲಕ್ಕೆ ಮತ್ತು ಪಕ್ಕದ ಗೋಡೆಗಳಿಗೆ ಕ್ರಾಫ್ಟ್ ಕಾಗದ. ಚೀಲಗಳನ್ನು ಇಟ್ಟಿಗೆಯಂತೆ ಒಂದರ ಸಂದಿನ ಮೇಲೆ ಇನ್ನೊಂದು ಬರುವ ಹಾಗೆ ಹಿಡಿಸಿ. ಸೂರಿನಿಂದ ಒಂದು ಅಡಿ ಬಿಡಿ. ಹಗಲು ಕಾದ ಸೂರು ರಾತ್ರಿ ತಣ್ಣಗಾದಾಗ ಒಳಗಿನ ಹಬೆ ಹನಿಯಾಗಿ ಕೆಳಗೆ ಬೀಳುತ್ತದೆ. ಬೆಚ್ಚಗಿನ ಮಂಗಳೂರಿನಿಂದ ಚಳಿಯ ಉತ್ತರ ಸಮುದ್ರಕ್ಕೆ ಹೋಗುವ ಪೆಟ್ಟಿಗೆಯಲ್ಲಿ ಇದು ಇನ್ನೂ ಜೋರು. ಅದಕ್ಕಾಗಿ ಚೀಲಗಳ ಮೇಲೆ ಎರಡು ಪದರ ಕ್ರಾಫ್ಟ್ ಕಾಗದ ಹೊದಿಸಿ. ಪ್ಲಾಸ್ಟಿಕ್ ಹೊದಿಸಿದರೆ ಕೆಳಗಿನ ಹಬೆ ಅದರ ಅಡಿಯಲ್ಲೇ ಹನಿಗಟ್ಟುತ್ತದೆ. ಕ್ಯಾಲ್ಸಿಯಂ ಕ್ಲೋರೈಡ್ ತುಂಬಿದ ಒಂದು ಕೆಜಿಯ ತೇವ ಹೀರುವ ಚೀಲಗಳನ್ನು ಪಕ್ಕದ ಕೊಕ್ಕೆಗಳಿಗೆ ಎಂಟರಿಂದ ಹತ್ತು ತೂಗುಹಾಕಿ. ಗುಡ್ ಹೋಪ್ ದಾರಿಯಾದರೆ ಹನ್ನೆರಡು. ಅವು ಮೆಣಸಿನ ಚೀಲಕ್ಕೆ ತಾಗಬಾರದು. ಸೀಲ್ ಹಾಕುವ ಹೊತ್ತಿಗೆ ಬಿಚ್ಚಬೇಕು, ಬೆಳಿಗ್ಗೆಯೇ ಬಿಚ್ಚಿಟ್ಟರೆ ಪಣಂಬೂರಿನ ಗಾಳಿಯನ್ನೇ ಕುಡಿದು ತುಂಬಿಕೊಳ್ಳುತ್ತವೆ.

ಮರದ ಪ್ಯಾಲೆಟ್ ಅಥವಾ ಹಲಗೆ ಬಳಸಿದರೆ ಅದರ ಮೇಲೆ ಐಎಸ್‌ಪಿಎಂ 15 ಮುದ್ರೆ ಇರಬೇಕು. ಮರದ ತಿರುಳು 56 ಡಿಗ್ರಿಯಲ್ಲಿ 30 ನಿಮಿಷ ಕಾದಿದೆ ಎಂಬುದರ ಗುರುತು ಅದು. ಮುದ್ರೆಯಿಲ್ಲದ ಒಂದು ಹಲಗೆಯ ದೆಸೆಯಿಂದ ಇಡೀ ಸರಕು ತಡೆಹಿಡಿದದ್ದುಂಟು. ಮಳೆ ಬರುತ್ತಿದ್ದರೆ ತುಂಬುವುದನ್ನು ನಿಲ್ಲಿಸಿ. ಹಮಾಲರಿಗೆ ಕಾಯುವ ಕೂಲಿ ಕೊಟ್ಟರೂ ಅದು ಅಗ್ಗ.

ತುಂಬಿದ ಕಂಟೇನರ್‌ನ ಒಟ್ಟು ತೂಕವನ್ನು ಘೋಷಿಸದೆ ಹಡಗಿಗೆ ಹತ್ತಿಸುವಂತಿಲ್ಲ. 2016ರ ಜುಲೈ 1ರಿಂದ ಜಗತ್ತಿನಾದ್ಯಂತ ಈ ನಿಯಮ. ವೇಬ್ರಿಜ್ ಚೀಟಿಯ ಅಂಕಿ, ಪ್ಯಾಕಿಂಗ್ ಲಿಸ್ಟ್, ಬಿಎಲ್ ಮೂರೂ ಒಂದಕ್ಕೊಂದು ಹೊಂದಬೇಕು.

ಕಾಗದಗಳು

ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಶಿಪ್ಪಿಂಗ್ ಬಿಲ್, ಸರಕು ಯಾವ ದೇಶದ್ದೆಂಬ ಮೂಲ ಪ್ರಮಾಣಪತ್ರ, ಲ್ಯಾಬ್ ವರದಿ, ಕೀಟ ಕೊಲ್ಲಲು ಅನಿಲ ಕೊಡಿಸಿದ್ದರೆ (ಫ್ಯೂಮಿಗೇಶನ್) ಅದರ ಪತ್ರ, ಬಿಎಲ್. ಸಸ್ಯ ಆರೋಗ್ಯ ಪತ್ರವನ್ನು ಒಣ ಕಾಳಿಗೆ ಕೆಲವು ದೇಶ ಕೇಳುತ್ತವೆ, ಕೆಲವು ಕೇಳುವುದಿಲ್ಲ. ಗಿರಾಕಿಯಿಂದ ಬರಹದಲ್ಲಿ ತಿಳಿದುಕೊಳ್ಳಿ. ಪುಡಿ ಮಾಡದ ಕಾಳುಮೆಣಸಿನ ಅಂತರರಾಷ್ಟ್ರೀಯ ಸಂಕೇತ 0904.11. ಪುಡಿಯದು ಬೇರೆ, ಬೆರೆಸಬೇಡಿ. ಐರೋಪ್ಯ ಒಕ್ಕೂಟದ 2019/1793 ನಿಯಮದಲ್ಲಿ ಯಾವ ದೇಶದ ಯಾವ ಪದಾರ್ಥಕ್ಕೆ ಹೆಚ್ಚುವರಿ ತಪಾಸಣೆ ಎಂಬ ಪಟ್ಟಿಯಿದೆ, ಆರು ತಿಂಗಳಿಗೊಮ್ಮೆ ಬದಲಾಗುತ್ತದೆ. ಬುಕಿಂಗ್‌ಗೆ ಮೊದಲು ಒಮ್ಮೆ ನೋಡಿ.

ಯುರೋಪಿಗೆ ಹೋಗುವ ಕಂಟೇನರ್‌ನ ವಿವರ ಅದು ತಾಯಿಹಡಗು ಹತ್ತುವ 24 ಗಂಟೆ ಮೊದಲೇ ಅಲ್ಲಿನ ಕಸ್ಟಮ್ಸ್‌ಗೆ ತಲುಪಿರಬೇಕು. ಆದ್ದರಿಂದ ಹಡಗು ಕಂಪನಿ ನಿಮ್ಮಿಂದ ವಿವರವನ್ನು ಇನ್ನೂ ಮೊದಲೇ ಕೇಳುತ್ತದೆ. ಗಿರಾಕಿಯ ಹೆಸರಿನ ಕಾಗುಣಿತ, ಯುರೋಪಿನ ಕಸ್ಟಮ್ಸ್‌ನಲ್ಲಿ ಅವನ ನೋಂದಣಿಯಾದ ಇಒಆರ್‌ಐ ಸಂಖ್ಯೆ, ಚೀಲಗಳ ಸಂಖ್ಯೆ ತಪ್ಪದಿರಲಿ. ಬಿಎಲ್ ಕರಡನ್ನು ಇಬ್ಬರು ಕೂತು, ಒಬ್ಬರು ಓದಿ ಇನ್ನೊಬ್ಬರು ಎಲ್‌ಸಿಯೊಂದಿಗೆ ತಾಳೆ ನೋಡಿ ಒಪ್ಪಿಗೆ ಕೊಡಿ. ಹಡಗು ಹೊರಟ ಮೇಲೆ ತಿದ್ದುಪಡಿಗೆ ದುಡ್ಡೂ ದಿನವೂ ಹೋಗುತ್ತವೆ.

ಮೂಲ ಬಿಎಲ್‌ನ ಮೂರು ಪ್ರತಿಗಳು ಸರಕಿನ ಒಡೆತನವೇ. ಹಣ ಬರುವ ಮೊದಲು ಗಿರಾಕಿ "ಟೆಲೆಕ್ಸ್ ರಿಲೀಸ್ ಮಾಡಿಬಿಡಿ, ಬೇಗ ಆಗುತ್ತದೆ" ಎಂದರೆ, ಅಂದರೆ ಮೂಲ ಬಿಎಲ್ ಕೇಳದೆ ಸರಕು ಬಿಡುವಂತೆ ಹಡಗು ಕಂಪನಿಗೆ ಹೇಳಿ ಎಂದರೆ, ಒಪ್ಪಬೇಡಿ. ಒಮ್ಮೆ ಮಾಡಿದರೆ ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ.

ವಿಮೆ, ದೂರು, ಹಣ

ಸಿಐಎಫ್ (ವಿಮೆ, ಹಡಗಿನ ಬಾಡಿಗೆ ಸೇರಿದ) ದರದಲ್ಲಿ ಮಾರಿದರೆ ವಿಮೆ ನಿಮ್ಮದು, ಸರಕಿನ ಬೆಲೆಯ ಶೇ 110ಕ್ಕೆ. ನಿಯಮ ಕೇಳುವುದು ಕನಿಷ್ಠ ರಕ್ಷಣೆಯಾದ ಸಿ ದರ್ಜೆಯನ್ನು ಮಾತ್ರ; ಅದರಲ್ಲಿ ಮಳೆನೀರು ಒಳಬಂದ ಹಾನಿ ಸೇರುವುದಿಲ್ಲ. ಮೆಣಸಿಗೆ ಬರುವ ಹಾನಿಯಲ್ಲಿ ಮುಖ್ಯವಾದದ್ದೇ ನೀರು. ಎ ದರ್ಜೆಯ ಪಾಲಿಸಿ ತೆಗೆದುಕೊಳ್ಳಿ, ಸೂರಿನ ಹನಿಯ ಹಾನಿ ಸೇರಿದೆಯೇ ಎಂದು ಕೇಳಿ, ಶಿರಸಿಯ ಗೋದಾಮಿನ ಬಾಗಿಲಿನಿಂದಲೇ ಶುರುವಾಗಲಿ. ಮಾಲೇ ಹಸಿಯಾಗಿ ತುಂಬಿದ್ದರೆ ಮಾತ್ರ ಯಾವ ಪಾಲಿಸಿಯೂ ಕೊಡದು. ಲಾಟ್‌ನ ತೇವದ ದಾಖಲೆ ಇಲ್ಲಿ ಮತ್ತೆ ಕೆಲಸಕ್ಕೆ ಬರುತ್ತದೆ.

ಹ್ಯಾಂಬರ್ಗ್‌ನಲ್ಲಿ ಬಾಗಿಲು ತೆಗೆದಾಗ ಚೀಲ ಒದ್ದೆಯಾಗಿದ್ದರೆ ಗಿರಾಕಿ ಅಲ್ಲೇ ನಿಲ್ಲಿಸಿ ಫೋಟೊ ತೆಗೆದು ಸರ್ವೇಯರ್ ಕರೆಸಬೇಕು. ಹೊರಗೆ ಕಾಣದ ಹಾನಿಗೆ ಮೂರು ದಿನದೊಳಗೆ ಹಡಗು ಕಂಪನಿಗೆ ಲಿಖಿತ ನೋಟಿಸ್, ದಾವೆ ಹೂಡಲು ಒಂದು ವರ್ಷ ಎಂಬುದು ಬಿಎಲ್‌ಗಳ ಸಾಮಾನ್ಯ ನಿಯಮ. ಇದನ್ನು ಗಿರಾಕಿಗೆ ಮೊದಲೇ ಬರೆದು ತಿಳಿಸಿ. ಅಲ್ಲಿ ಕಂಟೇನರ್ ಬಿಡಿಸಲು ಎಷ್ಟು ದಿನ ಉಚಿತ ಎಂಬುದನ್ನೂ ಬುಕಿಂಗ್‌ನಲ್ಲೇ ಬರೆಸಿ. ಲ್ಯಾಬ್ ತಪಾಸಣೆಗೆ ಸರಕು ನಿಂತರೆ ದಿನಬಾಡಿಗೆ ಏರುತ್ತಾ ಹೋಗುತ್ತದೆ, ಜಗಳ ಹುಟ್ಟುವುದು ಅಲ್ಲೇ.

ಹಣ ಬಂದ ಮೇಲೆ ಬ್ಯಾಂಕಿಗೆ ಶಿಪ್ಪಿಂಗ್ ಬಿಲ್ ಸಂಖ್ಯೆ ಕೊಟ್ಟು, ಆ ಬಿಲ್ಲಿನ ಎದುರು ಹಣ ಜಮೆಯಾಗಿದೆ ಎಂದು ದಾಖಲಿಸಿಕೊಳ್ಳಿ. ಗಿರಾಕಿ ಬ್ಯಾಂಕ್ ಶುಲ್ಕ ಮುರಿದುಕೊಂಡು ಕಳಿಸಿದ್ದರೆ ಆ ವ್ಯತ್ಯಾಸಕ್ಕೂ ಪತ್ರ ಇಡಿ. ಬಿಲ್ಲು ರಿಸರ್ವ್ ಬ್ಯಾಂಕಿನ ಲೆಕ್ಕದಲ್ಲಿ ಬಾಕಿ ಎಂದು ತೋರಿಸುತ್ತಲೇ ಇದ್ದರೆ ಮುಂದಿನ ಸರಕಿಗೆ ತೊಡಕು. ಇ-ಬಿಆರ್‌ಸಿ (ರಫ್ತಿನ ಹಣ ಬಂದದ್ದಕ್ಕೆ ಪ್ರಮಾಣಪತ್ರ) ಕೈಗೆ ಬಂದ ದಿನ ಅದರ ಪ್ರತಿಯನ್ನು ಲಾಟ್ ಪುಸ್ತಕದ ಅದೇ ಪುಟಕ್ಕೆ ಅಂಟಿಸಿ, ಮಾಲು ಕೊಟ್ಟ ಮನೆಗಳ ಬಾಕಿ ಚುಕ್ತಾ ಮಾಡಿ.